ಪ್ರಾಸ್ಟೇಟ್ ಪರೀಕ್ಷೆ: ಮಾಡಿಸಬೇಕೆ, ಬೇಡವೆ?

ಈ ಹೊತ್ತು ನಾನು ಮಾತನಾಡಲಿರುವ ವಿಷಯ ನಾಲ್ಕು ಜನರ ನಡುವೆ ಸಾಮಾನ್ಯವಾಗಿ ಪ್ರಸ್ತಾಪಕ್ಕೆ ಬರುವಂಥದಲ್ಲ. ಅರವತ್ತು ದಾಟಿದ ಗಂಡಸರು ಸಕ್ಕರೆ ಕಾಯಿಲೆಯನ್ನು ಕುರಿತು, ರಕ್ತದೊತ್ತಡವನ್ನು ಕುರಿತು, ಮಂಡಿನೋವನ್ನು ಕುರಿತು ಒಂದು ಬಗೆಯ ಅಭಿಮಾನದಿಂದಲೇ ಮಾತನಾಡುತ್ತಾರೆ. ರಾತ್ರಿ ಮೂರು ಸಲ ಏಳಬೇಕಾಗುತ್ತದೆ ಎಂಬ ಮಾತು ಬಂದೊಡನೆ ಮಾತ್ರ ದನಿ ತಗ್ಗುತ್ತದೆ. ಅಕ್ಕಪಕ್ಕದಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೆ ಎಂದು ಕಣ್ಣು ಹೊರಳುತ್ತದೆ. ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು. ಆದರೂ ಈ ವಿಷಯವನ್ನು ಎತ್ತಿಕೊಂಡಿದ್ದಕ್ಕೆ ಕಾರಣವಿದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆಹಚ್ಚುವ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕೆ, ಬಿಡಬೇಕೆ ಎಂಬ ನಿರ್ಣಯವನ್ನು ವೈದ್ಯಲೋಕವು ಕಡೆಗೆ ರೋಗಿಯ ಕೈಗೇ ಒಪ್ಪಿಸಿದೆ. ರೋಗಿಯ ಕೈಗೆ ಎನ್ನುವುದೂ ತಪ್ಪು; ಯಾವ ರೋಗವೂ ಕಾಣದ ಆರೋಗ್ಯವಂತನ ಕೈಗೆ. ಹೀಗೆ ನಿರ್ಣಯ ನನ್ನ ಪಾಲಿಗೆ ಬಂದಮೇಲೆ ಅದನ್ನು ತಿಳಿದು ಮಾಡುವುದು ಒಳ್ಳೆಯದೆಂದು ತೋರಿ, ಕೆಲವು ತಿಂಗಳು ಓದಿದೆ, ಕೇಳಿದೆ. ಅದರ ಫಲವನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಹಳೆಯ ಅಭ್ಯಾಸ ಬಿಡದು. ‘ಪ್ರಾಸ್ಟೇಟ್’ ಎಂಬುದು ಗ್ರೀಕ್ ಮೂಲದ ಶಬ್ದ. ಮುಂದೆ ನಿಂತವನು, ನಾಯಕ, ಕಾವಲಿನವನು ಎಂಬ ಅರ್ಥ ಅದಕ್ಕೆ. ಮೂತ್ರಕೋಶದ ಬಾಯಲ್ಲಿ ನಿಂತ ಈ ಗ್ರಂಥಿಗೆ ಆ ಹೆಸರು ಒಪ್ಪುತ್ತದೆ. ನಮ್ಮ ಪ್ರಾಚೀನರಿಗೆ ಈ ಗ್ರಂಥಿಯ ರಚನೆ ತಿಳಿದಿತ್ತೆಂದು ನಾನು ಹೇಳಲಾರೆ. ಆದರೆ ಅದು ಕೊಡುವ ಕಷ್ಟವಂತೂ ತಿಳಿದಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರ ಕಟ್ಟುವ ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಹೇಳಿದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದು ಉರುಟು ಕಲ್ಲಿನಂಥ ಗಂಟೊಂದು ಎದ್ದು ದಾರಿಯನ್ನು ಅಡ್ಡಗಟ್ಟುವ ರೋಗ. ಇಂದಿನ ವಿದ್ವಾಂಸರು ಅನೇಕರು ಅದನ್ನು ಪ್ರಾಸ್ಟೇಟ್ ಊತಕ್ಕೆ ಹೋಲಿಸುತ್ತಾರೆ.

ತರುಣನಲ್ಲಿ ಈ ಗ್ರಂಥಿ ಒಂದು ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ, ಸುಮಾರು 20 ಗ್ರಾಂ ತೂಕ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಅದರ ಸ್ಥಾನ. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ, ಮಣಿಯ ನಡುವೆ ದಾರ ಹಾದುಹೋದ ಹಾಗೆ. ಈ ಒಂದು ವಿವರವನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದಿನ ಗೊಂದಲವೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತದೆ. ವಯಸ್ಸಾದಂತೆ ಬಹುಮಂದಿ ಗಂಡಸರಲ್ಲಿ ಗ್ರಂಥಿಯ ಒಳಭಾಗ, ಎಂದರೆ ದಾರದ ಸುತ್ತಲಿನ ಭಾಗ, ಬೆಳೆಯುತ್ತದೆ. ನಾಳ ಇರುಕಾಗುತ್ತದೆ, ಮೂತ್ರದ ಧಾರೆ ಸಣ್ಣದಾಗುತ್ತದೆ, ರಾತ್ರಿ ಏಳಬೇಕಾಗುತ್ತದೆ. ಇದು ಊತ, ಕ್ಯಾನ್ಸರಲ್ಲ. ಇದೇ ಮುಂದೆ ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಕ್ಯಾನ್ಸರಾದರೋ ಬಹುಮಟ್ಟಿಗೆ ಗ್ರಂಥಿಯ ಹೊರಅಂಚಿನಲ್ಲಿ, ನಾಳದಿಂದ ದೂರದಲ್ಲಿ ಹುಟ್ಟುತ್ತದೆ. ಆದುದರಿಂದ ಆರಂಭದ ಕಾಲದಲ್ಲಿ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮೂತ್ರ ಸಲೀಸಾಗಿ ಹೋಗುತ್ತಿದೆ, ನನಗೇನೂ ಇಲ್ಲ ಎಂದುಕೊಂಡವನಲ್ಲಿಯೂ ಅದಿರಬಹುದು. ರಾತ್ರಿ ಐದು ಸಲ ಏಳುವವನಲ್ಲಿ ಅದು ಇಲ್ಲದೆಯೂ ಇರಬಹುದು. ಇನ್ನು ಅದು ಗ್ರಂಥಿಯನ್ನು ಬಿಟ್ಟು ಹೊರಟರೆ ಬಹಳ ಸಲ ಮೂಳೆಗಳಿಗೆ ಹೋಗುತ್ತದೆ: ಸೊಂಟಕ್ಕೆ, ಬೆನ್ನುಮೂಳೆಗೆ. ಆಗ ಬರುವ ನೋವನ್ನು ವಯಸ್ಸಿನ ನೋವೆಂದೇ ತಿಳಿದು ಎಣ್ಣೆ ತಿಕ್ಕಿಸಿಕೊಳ್ಳುವವರು ನಮ್ಮಲ್ಲಿ ಕಡಮೆಯಿಲ್ಲ.

ಆದಿಯಲ್ಲಿ ಮೌನವಾಗಿರುವ ರೋಗವನ್ನು ಆದಿಯಲ್ಲಿಯೇ ಹಿಡಿಯಬೇಕಾದರೆ, ಸೂಚನೆಗಾಗಿ ಕಾಯದೆ ಆರೋಗ್ಯವಂತರನ್ನೇ ಪರೀಕ್ಷಿಸಬೇಕು. ಇಂಗ್ಲಿಷಿನವರು ಇದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ಆ ಭಾಷೆಯಲ್ಲಿ ಆ ಶಬ್ದಕ್ಕೆ ಜರಡಿ ಎಂಬ ಅರ್ಥವೂ ಉಂಟು. ನಾವು ಜರಡಿ ಹಿಡಿಯುವುದು ಎಂದು ಹೇಳಿದರೆ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ; ಏಕೆಂದರೆ ಜರಡಿಯ ಗುಣದೋಷಗಳು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಕಣ್ಣು ಸಣ್ಣದಾದರೆ ಒಳ್ಳೆಯ ಕಾಳೂ ಮೇಲೆಯೇ ನಿಲ್ಲುತ್ತದೆ, ದೊಡ್ಡದಾದರೆ ಕಲ್ಲೂ ಕೆಳಗೆ ಬೀಳುತ್ತದೆ. ಈ ರೋಗಕ್ಕೆ ಹಿಡಿಯುವ ಜರಡಿಯ ಹೆಸರು ಪಿ.ಎಸ್.ಎ. ಪರೀಕ್ಷೆ.

ಪಿ.ಎಸ್.ಎ. ಎಂಬುದು ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ವೀರ್ಯವನ್ನು ತೆಳುವಾಗಿಸುವುದು ಅದರ ಸಹಜವಾದ ಕೆಲಸ. ಅದರ ಅಲ್ಪಾಂಶ ರಕ್ತಕ್ಕೂ ಸೋರುತ್ತದೆ; ಗ್ರಂಥಿಯಲ್ಲಿ ಏನಾದರೂ ಕದಲಿಕೆಯಾದಾಗ ಹೆಚ್ಚು ಸೋರುತ್ತದೆ. ರಿಚರ್ಡ್ ಆಬ್ಲಿನ್ ಎಂಬ ಅಮೆರಿಕದ ವಿಜ್ಞಾನಿ 1970ರಲ್ಲಿ ಈ ಗ್ರಂಥಿಗೆ ವಿಶಿಷ್ಟವಾದ ಪ್ರತಿಜನಕವನ್ನು ವರ್ಣಿಸಿದರು. 1979ರಲ್ಲಿ ಬಫೆಲೋ ನಗರದ ಸಂಶೋಧಕರು ಪಿ.ಎಸ್.ಎ.ಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಅಮೆರಿಕ ಸರ್ಕಾರ ಈ ಪರೀಕ್ಷೆಗೆ ಅನುಮತಿ ಕೊಟ್ಟದ್ದು, ಆಗಲೇ ಕ್ಯಾನ್ಸರಾಗಿದ್ದವರಲ್ಲಿ ರೋಗದ ಏರಿಳಿತವನ್ನು ನೋಡುವುದಕ್ಕೆ ಮಾತ್ರ. ರೋಗವಿಲ್ಲದವರಲ್ಲಿ ರೋಗವನ್ನು ಹುಡುಕಲು ಅನುಮತಿ ದೊರೆತದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಲಕ್ಷಾಂತರ ಜನ ಪರೀಕ್ಷೆ ಮಾಡಿಸಿಕೊಂಡು ಆಗಿತ್ತು. ಅದರಿಂದ ಪ್ರಾಣ ಉಳಿಯುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವ ಮೊದಲೇ ಪರೀಕ್ಷೆ ರೂಢಿಯಾಗಿಬಿಟ್ಟಿತು. ಇದನ್ನು ಕಂಡು ಆಬ್ಲಿನ್ ಅವರೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ಪರೀಕ್ಷೆಯನ್ನು ಹೀಗೆ ಸಾರಾಸಗಟಾಗಿ ಬಳಸುವುದನ್ನು ಖಂಡಿಸಿದರು.

ಈ ಜರಡಿಯ ಕಣ್ಣು ಎಷ್ಟು ದೊಡ್ಡದು? ರಕ್ತದ ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದು ಬಹುಕಾಲ ಬಳಕೆಯಲ್ಲಿದ್ದ ಗೆರೆ. ಗೆರೆಯ ಮೇಲೆ ಹೋದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ನಾಲ್ವರಲ್ಲಿ ಮೂವರಿಗೆ ಇರುವುದಿಲ್ಲ ಎಂಬುದು ಸ್ಥೂಲವಾದ ಲೆಕ್ಕ. ಸಾಧಾರಣ ಊತದಿಂದಲೂ ಅಂಕಿ ಏರುತ್ತದೆ, ಮೂತ್ರದ ಸೋಂಕಿನಿಂದಲೂ ಏರುತ್ತದೆ, ಕ್ಯಾಥೆಟರ್ ಹಾಕಿದ್ದರೂ ಏರುತ್ತದೆ. ಗೆರೆಯ ಕೆಳಗಿದ್ದವರೆಲ್ಲ ನಿಶ್ಚಿಂತರೂ ಅಲ್ಲ. ಅಮೆರಿಕದ ಒಂದು ಅಧ್ಯಯನದಲ್ಲಿ ಅಂಕಿ 4ಕ್ಕೆ ಮೀರದವರಿಗೂ ಗ್ರಂಥಿಯ ಚೂರು ತೆಗೆದು ನೋಡಿದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಅವರಲ್ಲಿ ನೂರಕ್ಕೆ 15 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತು.

ಇಷ್ಟೇ ಆಗಿದ್ದರೆ ಜರಡಿಯನ್ನು ತಿದ್ದಿಕೊಳ್ಳಬಹುದಾಗಿತ್ತು. ತೊಡಕು ಇನ್ನೂ ಆಳದಲ್ಲಿದೆ. ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ ಮುದುಕರ ಶವಪರೀಕ್ಷೆ ನಡೆಸಿದಾಗ, ಎಂಬತ್ತರ ಹತ್ತಿರ ಬಂದವರಲ್ಲಿ ಮತ್ತು ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರಿನ ಜೀವಕೋಶಗಳು ಕಂಡಿವೆ. ಅವರು ಹೃದಯಾಘಾತದಿಂದಲೋ ನ್ಯುಮೋನಿಯದಿಂದಲೋ ಸತ್ತವರು. ತಮ್ಮೊಳಗೆ ಇಂಥದೊಂದು ಇದೆಯೆಂದು ಅವರಿಗೂ ತಿಳಿದಿರಲಿಲ್ಲ, ಅವರ ಮನೆಯವರಿಗೂ ತಿಳಿದಿರಲಿಲ್ಲ. ಕ್ಯಾನ್ಸರ್ ಎಂಬ ಒಂದೇ ಹೆಸರಿನ ಕೆಳಗೆ ಕೇರೆ ಹಾವೂ ಇದೆ, ನಾಗರ ಹಾವೂ ಇದೆ. ಪಿ.ಎಸ್.ಎ. ಹೇಳುವುದು ತರಗೆಲೆಯ ಅಡಿಯಲ್ಲಿ ಏನೋ ಸರಿಯಿತು ಎಂಬಷ್ಟನ್ನೇ. ಯಾವ ಹಾವೆಂದು ತಿಳಿಯಬೇಕಾದರೆ ಗ್ರಂಥಿಯ ಚೂರುಗಳನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಲ್ಲಿ ಕಂಡ ಕೋಶಗಳ ವಿನ್ಯಾಸಕ್ಕೆ ಅಂಕ ಕೊಡುವ ಕ್ರಮವನ್ನು ಡಾನಲ್ಡ್ ಗ್ಲೀಸನ್ ಎಂಬ ರೋಗಶಾಸ್ತ್ರಜ್ಞರು 1960ರ ದಶಕದಲ್ಲಿ ರೂಪಿಸಿದರು. ಈಗ ಗ್ಲೀಸನ್ 6 ಎಂದರೆ ಮಂದವಾದದ್ದು, 8ರಿಂದ 10 ಎಂದರೆ ಉಗ್ರವಾದದ್ದು. ಆರು ಎಂದರೆ ಕಡಮೆಯ ಅಂಕ ಎಂಬುದೇ ಜನಕ್ಕೆ ಹೊಳೆಯುವುದಿಲ್ಲ. ಹತ್ತಕ್ಕೆ ಆರು ಬಂದಿತೆಂದು ಕಂಗಾಲಾದವರನ್ನು ನಾನೇ ಬಲ್ಲೆ. ನಲವತ್ತಕ್ಕೂ ಹೆಚ್ಚು ಬಗೆಯ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದ ನನಗೂ ಈ ಕ್ರಮ ಮೊದಲು ವಿಚಿತ್ರವಾಗಿಯೇ ಕಂಡಿತು.

ಬೇಗ ಪತ್ತೆಯಾದವರು ಹೆಚ್ಚು ವರ್ಷ ಬದುಕುತ್ತಾರೆ ಎಂಬ ಮಾತನ್ನು ನಾವು ಜಾಹೀರಾತುಗಳಲ್ಲಿ ಓದುತ್ತೇವೆ. ಇದರಲ್ಲಿ ಒಂದು ಕಣ್ಕಟ್ಟಿದೆ. ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬರುವ ರೈಲನ್ನು ಒಬ್ಬನು ಅರಸೀಕೆರೆಯಲ್ಲಿ ಕಂಡನು, ಇನ್ನೊಬ್ಬನು ತುಮಕೂರಿನಲ್ಲಿ ಕಂಡನು ಎನ್ನೋಣ. ಮೊದಲನೆಯವನು ಹೆಚ್ಚು ಹೊತ್ತು ರೈಲನ್ನು ಬಲ್ಲವನಾದನು, ನಿಜ. ಆದರೆ ರೈಲು ಬೆಂಗಳೂರು ಮುಟ್ಟುವ ಹೊತ್ತು ಇಬ್ಬರಿಗೂ ಒಂದೇ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸಾಯಲಿರುವವನ ರೋಗವನ್ನು ಎಪ್ಪತ್ತೈದರಲ್ಲಿ ಕಂಡರೆ ಮೂರು ವರ್ಷ ಬದುಕಿದ ಎನ್ನುತ್ತೇವೆ. ಅರವತ್ತೆಂಟರಲ್ಲಿಯೇ ಕಂಡರೆ ಹತ್ತು ವರ್ಷ ಬದುಕಿದ ಎನ್ನುತ್ತೇವೆ. ಆಯುಷ್ಯ ಒಂದು ದಿನವೂ ಹೆಚ್ಚಿರುವುದಿಲ್ಲ, ರೋಗಿಯೆಂಬ ಹೆಸರು ಮಾತ್ರ ಏಳು ವರ್ಷ ಮೊದಲೇ ಅಂಟಿರುತ್ತದೆ. ಈ ಕಣ್ಕಟ್ಟನ್ನು ಬಿಡಿಸಲು ಇರುವ ದಾರಿ ಒಂದೇ: ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಪರೀಕ್ಷೆಗೆ ಕರೆದು ಇನ್ನೊಂದನ್ನು ಕರೆಯದೆ ಬಿಟ್ಟು, ವರ್ಷಗಟ್ಟಲೆ ಕಾದು, ಎರಡರಲ್ಲಿಯೂ ಈ ರೋಗದಿಂದ ಸತ್ತವರನ್ನು ಎಣಿಸುವುದು.

ಹಾಗೆ ಎಣಿಸಿದ್ದಾರೆ. ಯೂರೋಪಿನ ಹಲವು ದೇಶಗಳಲ್ಲಿ 55ರಿಂದ 69 ವರ್ಷದ 1,60,000ಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು 1990ರ ದಶಕದಲ್ಲಿ ಒಂದು ಮಹಾ ಅಧ್ಯಯನ ಆರಂಭವಾಯಿತು. 2009ರಲ್ಲಿ ಮೊದಲ ಲೆಕ್ಕ ಬಂದಾಗ, ಒಬ್ಬನ ಸಾವನ್ನು ತಪ್ಪಿಸಲು 1410 ಜನರನ್ನು ಪರೀಕ್ಷೆಗೆ ಕರೆಯಬೇಕು, ಹೆಚ್ಚುವರಿಯಾಗಿ 48 ಜನರಿಗೆ ಚಿಕಿತ್ಸೆಯಾಗಬೇಕು ಎಂದು ತೇಲಿತು. ಬಹಳ ನಿರಾಶಾದಾಯಕವಾದ ಲೆಕ್ಕ. ಆದರೆ ಇದು ಆಮೆನಡೆಯ ರೋಗ. ಅದನ್ನು ಅಳೆಯುವವರಿಗೂ ಆಮೆಯ ತಾಳ್ಮೆ ಬೇಕು. 2025ರಲ್ಲಿ, 23 ವರ್ಷಗಳ ನಿಗಾ ಮುಗಿದಮೇಲೆ, ಅದೇ ಅಧ್ಯಯನದ ಲೆಕ್ಕ 456 ಜನರಿಗೆ ಒಂದು ಸಾವು, ಹೆಚ್ಚುವರಿಯಾಗಿ ಪತ್ತೆಯಾದವರು 12 ಜನ ಎಂಬಲ್ಲಿಗೆ ಇಳಿದಿದೆ. ಇದನ್ನು ಸಾವಿರ ಜನರಿರುವ ಒಂದು ಹಳ್ಳಿಗೆ ಹೊಂದಿಸಿಕೊಂಡರೆ ಹೀಗಾಗುತ್ತದೆ: ಪರೀಕ್ಷೆಗೆ ಕರೆಯದಿದ್ದರೆ 23 ವರ್ಷಗಳಲ್ಲಿ ಈ ರೋಗದಿಂದ ಸುಮಾರು 16 ಜನ ಸಾಯುತ್ತಾರೆ, ಕರೆದರೆ ಸುಮಾರು 14 ಜನ. ಆ ಇಬ್ಬರು ಉಳಿಯುವುದಕ್ಕಾಗಿ ಇನ್ನೂ ಇಪ್ಪತ್ತಾರು ಇಪ್ಪತ್ತೇಳು ಜನ ಕ್ಯಾನ್ಸರ್ ರೋಗಿಗಳೆನಿಸಿಕೊಳ್ಳುತ್ತಾರೆ. ಎಲ್ಲ ಕಾರಣಗಳಿಂದಾದ ಒಟ್ಟು ಸಾವುಗಳನ್ನು ಲೆಕ್ಕ ಹಾಕಿದಾಗ ಎರಡು ಗುಂಪಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಒಂದೇ ಒಂದು ಸಲ ಪರೀಕ್ಷೆಗೆ ಕರೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, 15 ವರ್ಷಗಳ ಬಳಿಕ, ಉಪಯೋಗ ಸಾವಿರಕ್ಕೆ ಸುಮಾರು ಒಂದು ಸಾವಿನಷ್ಟು ಮಾತ್ರ ಕಂಡಿತು. ಅಮೆರಿಕದ ಅಧ್ಯಯನವೊಂದು ಏನೂ ಉಪಯೋಗವಿಲ್ಲವೆಂದಿತು. ಆದರೆ ಅಲ್ಲಿ ಪರೀಕ್ಷೆಗೆ ಕರೆಯದೆ ಬಿಟ್ಟ ಗುಂಪಿನವರೂ ಬಹುಪಾಲು ಹೊರಗೆ ತಾವಾಗಿಯೇ ಪರೀಕ್ಷೆ ಮಾಡಿಸಿಕೊಂಡಿದ್ದರು. ಆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ಪದಾರ್ಥ ಬಿದ್ದಿತ್ತು.

ಈ ಏರಿಳಿತಕ್ಕೆ ತಕ್ಕಂತೆ ಅಮೆರಿಕದ ರೋಗನಿರೋಧಕ ಸೇವೆಗಳ ಸಲಹಾಮಂಡಲಿಯ ಮಾತೂ ಬದಲಾಯಿತು. 2012ರಲ್ಲಿ ಯಾರಿಗೂ ಬೇಡವೆಂದಿತು. 2018ರಲ್ಲಿ, 55ರಿಂದ 69ರ ನಡುವಿನವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಪಂಡಿತರು ಮಾತು ಬದಲಿಸಿದರೆಂದು ಕೆಲವರು ಹಂಗಿಸುತ್ತಾರೆ. ನನಗೆ ಅದರಲ್ಲಿ ದೋಷ ಕಾಣುವುದಿಲ್ಲ. ಹೊಸ ಶಾಸನ ಸಿಕ್ಕಾಗ ರಾಜವಂಶದ ಕಾಲನಿರ್ಣಯವನ್ನು ನಾವು ತಿದ್ದಿಕೊಳ್ಳುವುದಿಲ್ಲವೆ?

ಪತ್ತೆಯಾಗುವುದರಿಂದ ಏನು ನಷ್ಟ, ಕೇರೆ ಹಾವಾದರೂ ಹೊಡೆದುಹಾಕಿದರಾಯಿತು ಎಂಬ ವಾದವಿದೆ. ನಷ್ಟ ಏನೆಂಬುದನ್ನು ಬ್ರಿಟನ್ನಿನ ಮತ್ತೊಂದು ಅಧ್ಯಯನ ತೋರಿಸಿಕೊಟ್ಟಿದೆ. ಗ್ರಂಥಿಯ ಒಳಗೇ ಇರುವ ಕ್ಯಾನ್ಸರ್ ಪತ್ತೆಯಾದ 1643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ನಿಗಾದಲ್ಲಿಟ್ಟರು. 15 ವರ್ಷ ಕಳೆದಮೇಲೆ, 2023ರಲ್ಲಿ ಪ್ರಕಟವಾದ ಲೆಕ್ಕದಂತೆ, ಮೂರು ಗುಂಪಿನಲ್ಲಿಯೂ ಈ ರೋಗದಿಂದ ಸತ್ತವರು ನೂರಕ್ಕೆ ಎರಡು ಮೂರು ಜನ ಮಾತ್ರ. ಗುಂಪು ಗುಂಪಿಗೆ ಹೇಳಿಕೊಳ್ಳುವ ಅಂತರವಿರಲಿಲ್ಲ. ನಿಗಾದಲ್ಲಿದ್ದವರಲ್ಲಿ ರೋಗ ದೇಹದ ಬೇರೆಡೆಗೆ ಹರಡಿದ್ದು ಸುಮಾರು ಇಮ್ಮಡಿ, ನೂರಕ್ಕೆ ಒಂಬತ್ತು ಜನರಿಗೆ, ಇದನ್ನು ಮುಚ್ಚಿಡಬಾರದು. ಇನ್ನೊಂದು ಪಕ್ಕದಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 46 ಜನ ಮೂತ್ರ ಸೋರುವುದರಿಂದ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದರು. ಆರು ವರ್ಷದ ಮೇಲೂ 17 ಜನ. ದಾಂಪತ್ಯದ ಶಕ್ತಿ ಕುಂದಿದವರು ಅದಕ್ಕಿಂತ ಹೆಚ್ಚು. ನಮ್ಮ ಸಮಾಜದಲ್ಲಿ ಈ ಎರಡನ್ನೂ ಗಂಡಸು ಯಾರ ಹತ್ತಿರವೂ ಹೇಳಿಕೊಳ್ಳಲಾರ.

ನನ್ನ ಪರಿಚಯದ ಇಬ್ಬರನ್ನು ನೆನೆಯುತ್ತೇನೆ. ಒಬ್ಬರು ನನ್ನ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ. ತೋಟ ಗದ್ದೆ ನೋಡಿಕೊಂಡಿದ್ದವರು. ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಬೆನ್ನುನೋವೆಂದು ಒಂದು ವರ್ಷ ಪಟ್ಟು ಹಾಕಿಸಿಕೊಂಡರು. ಕಾಲು ಬಲಗುಂದಿದಮೇಲೆ ನೋಡಿದರೆ ಬೆನ್ನುಮೂಳೆಯ ತುಂಬ ಹರಡಿತ್ತು, ಪಿ.ಎಸ್.ಎ. ನೂರಾರು ಇತ್ತು. ವೃಷಣಗಳನ್ನು ತೆಗೆದು ಗಂಡುಹಾರ್ಮೋನನ್ನು ತಡೆಯುವ ಚಿಕಿತ್ಸೆಯಿಂದ ಎರಡು ವರ್ಷ ನಡೆದಾಡಿದರು. ಇನ್ನೊಬ್ಬರು ನನ್ನ ಸಹೋದ್ಯೋಗಿ, ಇತಿಹಾಸದ ಅಧ್ಯಾಪಕರು. ಅಂಕಿ 5ರ ಆಸುಪಾಸಿನಲ್ಲಿ ಬಂದಿತು, ಗ್ಲೀಸನ್ 6. ಮನೆಯವರೆಲ್ಲ ಗಾಬರಿಯಾಗಿ ಒಂದೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಹತ್ತು ವರ್ಷವಾಯಿತು, ರೋಗವಿಲ್ಲ. ಆದರೆ ಅವರು ಸಭೆಗಳಿಗೆ ಬರುವುದನ್ನು ಬಿಟ್ಟರು. ಬಸ್ಸಿನಲ್ಲಿ ಎರಡು ಗಂಟೆ ಕೂರಲಾರೆನೆಂದು ಮಗಳ ಊರಿಗೂ ಹೋಗುವುದಿಲ್ಲ. ಅಣ್ಣನಿಗೆ ಪರೀಕ್ಷೆಯಾಗಿದ್ದರೆ ಉಳಿಯುತ್ತಿದ್ದರು ಎಂದು ನಿಶ್ಚಯವಾಗಿ ಹೇಳಲಾಗದು. ಇವರಿಗೆ ಆಗದಿದ್ದರೆ ಏನೂ ಆಗುತ್ತಿರಲಿಲ್ಲ ಎಂದೂ ನಿಶ್ಚಯವಾಗಿ ಹೇಳಲಾಗದು. ಸಾವಿರದಲ್ಲಿ ಉಳಿದ ಆ ಇಬ್ಬರು ಯಾರು, ಸುಮ್ಮನೆ ರೋಗಿಗಳಾದ ಇಪ್ಪತ್ತಾರು ಜನ ಯಾರು ಎಂಬುದನ್ನು ಯಾವ ವೈದ್ಯನೂ ಬೆರಳಿಟ್ಟು ತೋರಿಸಲಾರ.

ಸಮಾಧಾನದ ಸಂಗತಿಯೆಂದರೆ, ಪರೀಕ್ಷೆಗೂ ಶಸ್ತ್ರಕ್ಕೂ ನಡುವೆ ಈಗ ಹಲವು ತಂಗುದಾಣಗಳಿವೆ. ಹಿಂದೆ ಅಂಕಿ ಏರಿದೊಡನೆ ಗುದನಾಳದ ಮೂಲಕ ಹತ್ತು ಹನ್ನೆರಡು ಕಡೆ ಸೂಜಿ ಚುಚ್ಚುತ್ತಿದ್ದರು. ಕೆಲವರಿಗೆ ಅದರಿಂದ ರಕ್ತಕ್ಕೆ ಸೋಂಕು ತಗಲುತ್ತಿತ್ತು. ಈಗ ಮೊದಲು ಎಂ.ಆರ್.ಐ. ತೆಗೆದು, ಸಂದೇಹದ ಜಾಗ ಕಂಡರೆ ಮಾತ್ರ ಅಲ್ಲಿಗೇ ಗುರಿಯಿಟ್ಟು ಚೂರು ತೆಗೆಯುವ ಕ್ರಮ ಬಂದಿದೆ. ಸ್ವೀಡನ್ನಿನ ಗೋಟೆಬೋರಿನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇದರಿಂದ ನಿರುಪದ್ರವಿ ಕ್ಯಾನ್ಸರುಗಳನ್ನು ಸುಮ್ಮನೆ ಕೆದಕುವುದು ಅರ್ಧಕ್ಕೆ ಇಳಿಯುತ್ತದೆ. ಮಂದವಾದ ಕ್ಯಾನ್ಸರ್ ಕಂಡರೂ ಕೂಡಲೆ ಕತ್ತರಿಸದೆ, ಕಾಲಕಾಲಕ್ಕೆ ಪರೀಕ್ಷಿಸುತ್ತ, ಅದು ಹೆಡೆಯೆತ್ತಿದರೆ ಮಾತ್ರ ಚಿಕಿತ್ಸೆ ಮಾಡುವ ಪದ್ಧತಿಗೆ ಈಗ ಮನ್ನಣೆಯಿದೆ. ಆದರೆ ಎಂ.ಆರ್.ಐ. ಯಂತ್ರವೂ ಅದನ್ನು ಓದಬಲ್ಲ ಕಣ್ಣೂ ದೊಡ್ಡ ಊರುಗಳಲ್ಲಿವೆ. ತಾಲ್ಲೂಕು ಕೇಂದ್ರದ ಪ್ರಯೋಗಾಲಯದಲ್ಲಿ ಕೆಲವು ನೂರು ರೂಪಾಯಿಗೆ ರಕ್ತಪರೀಕ್ಷೆಯೇನೋ ಆಗುತ್ತದೆ. ಅದರ ಮುಂದಿನ ದಾರಿ ಅಲ್ಲಿಲ್ಲ.

ನಮ್ಮ ದೇಶದಲ್ಲಿ ಈ ರೋಗದ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಮೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ ನಗರದ ಗಂಡಸರಲ್ಲಿ ಅದು ಏರುತ್ತಿರುವುದು ತಿಳಿಯುತ್ತದೆ. ಆಯುಷ್ಯ ಹೆಚ್ಚಿದ್ದು, ಪರೀಕ್ಷೆ ಹೆಚ್ಚಿದ್ದು ಎರಡೂ ಇದಕ್ಕೆ ಕಾರಣ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ಕ್ಯಾನ್ಸರುಗಳಿಗೆ ಸ್ಥಾನವಿದೆ, ಪ್ರಾಸ್ಟೇಟಿಗಿಲ್ಲ. ಅದು ಸರಿಯೆಂದೇ ನನ್ನ ಎಣಿಕೆ. ಅಪಸ್ವರ ಕೇಳುವುದು ಖಾಸಗಿ ಪ್ರಯೋಗಾಲಯಗಳ ಕಡೆಯಿಂದ. ‘ಸಂಪೂರ್ಣ ಆರೋಗ್ಯ ತಪಾಸಣೆ’ ಎಂಬ ಹೆಸರಿನಲ್ಲಿ ಐವತ್ತು ಅರವತ್ತು ಪರೀಕ್ಷೆಗಳನ್ನು ಒಂದೇ ಬುಟ್ಟಿಯಲ್ಲಿ ಮಾರುತ್ತಾರೆ. ಕೊತ್ತಂಬರಿ ಸೊಪ್ಪನ್ನು ಮೇಲಿಟ್ಟ ಹಾಗೆ ಪಿ.ಎಸ್.ಎ.ಯನ್ನೂ ಸೇರಿಸಿರುತ್ತಾರೆ. ಇಂಥದೊಂದು ಮಾಡಿದ್ದೇವೆಂದು ಮೊದಲೇ ಹೇಳುವುದಿಲ್ಲ. ಎಂಬತ್ತೆರಡು ವರ್ಷದ ನೆರೆಯವರೊಬ್ಬರಿಗೆ ಹೀಗೆ ಕೆಂಪಕ್ಷರದ ವರದಿ ಮನೆಗೆ ಬಂದು, ಆ ಮುದುಕರು ವಾರಗಟ್ಟಲೆ ನಿದ್ದೆಗೆಟ್ಟರು.

ಇನ್ನು ನನ್ನ ವಿಷಯ. ನನಗೀಗ ಅರವತ್ತೇಳು. ಪಿ.ಯು.ಸಿ.ಯಲ್ಲಿ ನನ್ನ ಬಳಿ ಕನ್ನಡ ಓದಿ ಈಗ ಮೂತ್ರರೋಗ ತಜ್ಞರಾಗಿರುವ ಒಬ್ಬರಲ್ಲಿಗೆ ಹೋಗಿದ್ದೆ. ಅವರು ರಕ್ತ ತೆಗೆಯಿರೆಂದು ಚೀಟಿ ಬರೆಯಲಿಲ್ಲ. “ಸರ್, ಅಂಕಿ ಹೆಚ್ಚು ಬಂದರೆ ತಾವು ಏನು ಮಾಡುತ್ತೀರಿ ಎನ್ನುವುದನ್ನು ಮೊದಲು ಹೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಪರೀಕ್ಷೆ ಮಾಡಿಸಬೇಡಿ” ಎಂದರು. ಆಮೇಲೆ, “ತಮ್ಮ ತಂದೆಯವರಿಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಇತ್ತೆ?” ಎಂದು ಕೇಳಿದರು. ತಂದೆಗೋ ಒಡಹುಟ್ಟಿದವನಿಗೋ ಇದ್ದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ಓದಿದ್ದೆ. ಆದರೆ ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ನಮ್ಮ ತಂದೆಯವರು 1983ರಲ್ಲಿ ತೀರಿಕೊಂಡರು. ಕಡೆಯ ಒಂದೂವರೆ ವರ್ಷ ಸೊಂಟದ ನೋವಿನಿಂದ ನರಳಿದರು. ಉಚ್ಚೆ ಕಟ್ಟಿದಾಗ ಅವ್ವ ಬಾರ್ಲಿ ಗಂಜಿ ಕಾಯಿಸಿ ಕೊಡುತ್ತಿದ್ದಳು. ಪೇಟೆಯ ಡಾಕ್ಟರು ಒಂದೆರಡು ಸಲ ನಳಿಕೆ ಹಾಕಿ ತೆಗೆದರು. ವಯಸ್ಸಾಯಿತು ಎಂದರು, ವಾತ ಎಂದರು. ಯಾರೂ ರೋಗಕ್ಕೆ ಹೆಸರಿಡಲಿಲ್ಲ, ನಾವೂ ಕೇಳಲಿಲ್ಲ. ಅಂದಿನ ಹಳ್ಳಿಯಲ್ಲಿ ಅದನ್ನು ಪತ್ತೆಹಚ್ಚುವ ಉಪಾಯವೂ ಇರಲಿಲ್ಲ, ಪಿ.ಎಸ್.ಎ. ಪರೀಕ್ಷೆ ಬಳಕೆಗೆ ಬರಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಅದು ಊತವೋ, ಕ್ಯಾನ್ಸರೋ, ಸೊಂಟದ ನೋವು ಬೇರೆಯದೇ ಕಾರಣದ್ದೋ ಈಗ ತಿಳಿಯುವ ದಾರಿಯಿಲ್ಲ. ನನ್ನ ತಲೆಮಾರಿನ ಬಹುಮಂದಿಯ ಸ್ಥಿತಿ ಇದೇ. ಪಾಶ್ಚಾತ್ಯರ ಕೈಪಿಡಿಗಳು ಮನೆತನದ ಇತಿಹಾಸವನ್ನು ಕೇಳುತ್ತವೆ. ನಮ್ಮಲ್ಲಿ ಇರುವುದು ಇತಿಹಾಸವಲ್ಲ, ನೆನಪು. ಇದನ್ನೆಲ್ಲ ಹೇಳಿದಾಗ ಆ ವೈದ್ಯರು ನಗಲಿಲ್ಲ. “ಇತ್ತು ಎಂದು ಬರೆದುಕೊಳ್ಳಲಾರೆ, ಇರಲಿಲ್ಲ ಎಂದೂ ಬರೆದುಕೊಳ್ಳಲಾರೆ. ಆದರೆ ದೊಡ್ಡಪ್ಪನ ಮಗನಿಗೆ ಇತ್ತು ಎನ್ನುತ್ತೀರಿ. ತಂದೆಯ ಅನುಮಾನವೂ ಇದೆ. ತೂಕ ಸ್ವಲ್ಪ ಆ ಕಡೆಗೆ ವಾಲುತ್ತದೆ” ಎಂದರು.

ಪರೀಕ್ಷೆ ಮಾಡಿಸಿಕೊಳ್ಳುವುದೆಂದು ನಾನು ತೀರ್ಮಾನಿಸಿದ್ದು ಆ ಮಾತಿನಿಂದಲೇ. ಆದರೆ ಮುಂದಿನ ಹೆಜ್ಜೆಗಳನ್ನೆಲ್ಲ ಮೊದಲೇ ಒಂದು ಕಾಗದದಲ್ಲಿ ಬರೆದು ಹೆಂಡತಿಗೆ ತೋರಿಸಿದೆ. ಅಂಕಿ ಹೆಚ್ಚು ಬಂದರೆ ಗಾಬರಿಯಾಗದೆ ಆರು ವಾರ ಬಿಟ್ಟು ಮತ್ತೆ ನೋಡುವುದು. ಆಗಲೂ ಹೆಚ್ಚಿದ್ದರೆ ಎಂ.ಆರ್.ಐ.; ಅದರಲ್ಲಿ ಸಂದೇಹ ಕಂಡರೆ ಮಾತ್ರ ಸೂಜಿ; ಮಂದವಾದ ಬಗೆಯೆಂದು ತಿಳಿದರೆ ನಿಗಾ, ಶಸ್ತ್ರವಲ್ಲ. ಕಾಗದವನ್ನು ಓದಿ ಆಕೆ, “ಕ್ಯಾನ್ಸರ್ ಎನ್ನುವ ಮಾತು ಕಿವಿಗೆ ಬಿದ್ದಮೇಲೂ ನೀವು ಸುಮ್ಮನೆ ಕೂತಿರುತ್ತೀರಾ? ನಾನು ಕೂತಿರುತ್ತೇನಾ?” ಎಂದು ಕೇಳಿದಳು. ನಾನು ಓದಿದ ಅಷ್ಟೂ ಸಾಹಿತ್ಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿರಲಿಲ್ಲ. ನಿಗಾದಲ್ಲಿದ್ದ ಅನೇಕರು ಕೆಲವು ವರ್ಷಗಳಲ್ಲಿ ಚಿಕಿತ್ಸೆಗೆ ಬದಲಾಯಿಸಿಕೊಂಡಿದ್ದಾರೆ. ರೋಗ ಬೆಳೆದುದರಿಂದ ಕೆಲವರು, ಮನಸ್ಸು ತಡೆಯದೆ ಕೆಲವರು. ಆ ಮಾತಿನ ಮೇಲೆ ನಾವಿಬ್ಬರೂ ಎರಡು ದಿನ ಚರ್ಚಿಸಿ, ಕಡೆಗೆ ಒಪ್ಪಿದೆವು. ಎಪ್ಪತ್ತನಾಲ್ಕು ವರ್ಷದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನನ್ನ ಸ್ನೇಹಿತರೊಬ್ಬರು ಇದೇ ವಿಚಾರವನ್ನೆಲ್ಲ ಕೇಳಿ, ತಮಗೆ ಬೇಡವೆಂದು ನಿರ್ಧರಿಸಿದರು. ಇನ್ನು ಹತ್ತು ಹದಿನೈದು ವರ್ಷ ಬದುಕುವ ನಿರೀಕ್ಷೆಯಿಲ್ಲದವನಿಗೆ ಈ ಪರೀಕ್ಷೆಯ ಫಲ ಕೈಗೆಟುಕದು. ಅವರ ನಿರ್ಧಾರ ಅವರಿಗೆ ಸರಿಯಾದದ್ದು.

ಮಾಡಿಸಿಕೊಳ್ಳುವವರು ತಿಳಿದಿರಬೇಕಾದ ಕೆಲವು ಸಣ್ಣ ಸಂಗತಿಗಳಿವೆ. ಮೂತ್ರದ ಸೋಂಕಿದ್ದರೆ ಅದು ಗುಣವಾಗಿ ಆರು ವಾರ ಕಳೆಯಬೇಕು. ಹಿಂದಿನ ಎರಡು ದಿನ ಸೈಕಲ್ ತುಳಿಯಬಾರದು, ದಾಂಪತ್ಯವೂ ಬೇಡ. ಗ್ರಂಥಿಯನ್ನು ಕುಗ್ಗಿಸಲು ಕೊಡುವ ಫಿನಾಸ್ಟೆರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಕೆಲವು ತಿಂಗಳ ಸೇವನೆಯಿಂದ ಅದು ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ, ಎರಡೆಂದು ಕಂಡದ್ದು ನಿಜವಾಗಿ ನಾಲ್ಕಿರಬಹುದು. ಮೂತ್ರದಲ್ಲಿ ರಕ್ತ ಕಂಡವರು, ಬಿಡದ ಮೂಳೆನೋವಿರುವವರು ಈ ಚರ್ಚೆಯಲ್ಲಿ ಸೇರಿದವರೇ ಅಲ್ಲ. ಅವರು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನನ್ನ ಅಂಕಿ 2.6 ಬಂದಿತು. ಎರಡು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ, ಎಪ್ಪತ್ತು ದಾಟಿದಮೇಲೆ ಈ ಗೊಡವೆ ಬೇಡ ಎಂದರು ವೈದ್ಯರು. ನನ್ನ ತಮ್ಮನಿಗೆ ಐವತ್ತೆಂಟು. ಅವನೂ ಅದೇ ತಂದೆಯ ಮಗನಾದ್ದರಿಂದ ನಾನು ಬರೆದುಕೊಂಡದ್ದೆಲ್ಲವನ್ನೂ ಅವನಿಗೆ ಕಳುಹಿಸಿದ್ದೆ. ಮೊನ್ನೆ ಫೋನು ಮಾಡಿದ್ದ; ಓದಿ ಆಯಿತಂತೆ, ಅವನ ಹೆಂಡತಿಯೂ ಓದಿದಳಂತೆ. ಎರಡು ದಿನ ಸೈಕಲ್ ಬಿಟ್ಟು ಮುಂದಿನ ಸೋಮವಾರ ಅದೇ ವೈದ್ಯರನ್ನು ನೋಡುವವನಿದ್ದಾನೆ.